ಕೂಸಿನ ಕೋಣೆಯ ಬಾಡಿಗೆ

ನಾನು ಜಗಳಗಂಟಿ. ಮುಚ್ಚಿಟ್ಟು ಪ್ರಯೋಜನವಿಲ್ಲ, ಇನ್ನು ನಾಲ್ಕು ಸಾಲು ಓದಿದರೆ ನಿಮಗೇ ಗೊತ್ತಾಗುತ್ತದೆ. ಮೈಸೂರಿನ ಮಾರುಕಟ್ಟೆಯಲ್ಲಿ ಅಮ್ಮನ ಸೆರಗು ಹಿಡಿದುಕೊಂಡು ಬೆಳೆದವಳು ನಾನು. ಒಂದು ಮೊಳ ಮಲ್ಲಿಗೆ ಕೊಳ್ಳುವಾಗಲೂ ಯಾರ ಮೊಳ, ನಿನ್ನದೋ ನನ್ನದೋ ಎಂದು ಕೇಳದೆ ಅಮ್ಮ ಪರ್ಸು ತೆಗೆದವಳಲ್ಲ. ಅವಳ ಮಗಳು ಈಗ ಟೆಕ್ಸಾಸಿನಲ್ಲಿ, ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಎಂಬ ಊರಿನಲ್ಲಿ ಕೂತು ಕಂಪ್ಯೂಟರ್ ಚಿಪ್‌ಗಳ ವಿನ್ಯಾಸದಲ್ಲಿ ತಪ್ಪು ಹುಡುಕುತ್ತಾಳೆ. ತಪ್ಪು ಹುಡುಕಿದ್ದಕ್ಕೆ ಸಂಬಳ ಕೊಡುತ್ತಾರೆಂದರೆ ಅಮ್ಮನಿಗೆ ಇವತ್ತಿಗೂ ನಂಬಿಕೆಯಿಲ್ಲ. ಅವಳು ಇಷ್ಟು ವರ್ಷ ಅದನ್ನು ಪುಕ್ಕಟೆಯಾಗಿ ಮಾಡಿಕೊಂಡು ಬಂದಿದ್ದಾಳೆ.

‘ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ’ ಎಂದು ನಮ್ಮ ಕಡೆ ನಗುತ್ತಾರೆ. ಬರೀ ನಗುವುದಲ್ಲ, ಹೆದರುತ್ತಾರೆ ಕೂಡ. ಹೆರಿಗೆಗೆ ಮುಂಚೆ ಮಗುವಿಗೆಂದು ಒಂದು ಹೊಸ ಚಿಂದಿಯನ್ನೂ ಮನೆಗೆ ತರಬಾರದು. ಹಳೆಯ ಪಂಚೆ, ಹಳೆಯ ಸೀರೆ, ಅಷ್ಟೆ. ಟೆಕ್ಸಾಸಿನಲ್ಲಾದರೋ ಕುಲಾವಿ ತೋರಿಸದಿದ್ದರೆ ಕೂಸನ್ನೇ ಕೊಡುವುದಿಲ್ಲ. ಕಾರಿನಲ್ಲಿ ಮಗುವಿನ ಸೀಟು ಇದೆಯೋ ಇಲ್ಲವೋ ನೋಡಿದ ಮೇಲೆಯೇ ಆಸ್ಪತ್ರೆಯಿಂದ ಹೊರಗೆ ಬಿಡುವುದು. ಇನ್ನೂ ಹುಟ್ಟದ ಮಗುವಿಗೆ ಮಕ್ಕಳ ಡಾಕ್ಟರನ್ನು ಗೊತ್ತುಮಾಡಿಕೊಳ್ಳಬೇಕು, ಅವರು ನಮ್ಮ ಇನ್ಶೂರೆನ್ಸಿನವರ ಪಟ್ಟಿಯಲ್ಲಿರಬೇಕು. ಇದೆಲ್ಲದರ ನಡುವೆ ಆಸ್ಪತ್ರೆಯ ಹಣಕಾಸು ವಿಭಾಗದ ಹೆಂಗಸೊಬ್ಬಳು ಫೋನ್ ಮಾಡಿ, ನಿಮ್ಮ ಹೆರಿಗೆಯ ಅಂದಾಜು ಬಿಲ್ಲು ಸಿದ್ಧವಾಗಿದೆ, ಮುಂಗಡ ಕಟ್ಟಿದರೆ ರಿಯಾಯಿತಿ ಉಂಟು ಎಂದಳು. ಹೊಟ್ಟೆಯಲ್ಲಿರುವುದಕ್ಕೂ ಆಷಾಢದ ಡಿಸ್ಕೌಂಟ್! “ನಮ್ಮಲ್ಲಿ ಸಾಮಾನು ಕೈಗೆ ಬಂದ ಮೇಲೆ ದುಡ್ಡು” ಎಂದೆ. ಅವಳು ನಗಲಿಲ್ಲ.

ನನ್ನ ಗಂಡ ಪ್ರಸನ್ನ ಹಾಗಲ್ಲ. ಅವನು ಶಾಂತ ಸ್ವಭಾವದವನು, ಏನೇ ಬಂದರೂ ಎಕ್ಸೆಲ್ ತೆರೆದು ಲೆಕ್ಕ ಹಾಕುವವನು. ಡಿಡಕ್ಟಿಬಲ್ ಎಂಬ ಮಾಯೆಯನ್ನು ನನಗೆ ಬಿಡಿಸಿ ಹೇಳಿದವನೂ ಅವನೇ. ಇನ್ಶೂರೆನ್ಸಿನವರು ತಮ್ಮ ಜೇಬಿಗೆ ಕೈ ಹಾಕುವ ಮೊದಲು ನಾವು ನಮ್ಮ ಜೇಬಿನಿಂದ ತೆರಬೇಕಾದ ಮೊತ್ತ ಅದು. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮ ಪಾಲಿಸಿಯ ಪ್ರಕಾರ ಮಗು ಹುಟ್ಟಿದ ಕ್ಷಣದಿಂದ ಅದು ಬೇರೆ ರೋಗಿ, ಅದಕ್ಕೆ ಬೇರೆ ಖಾತೆ, ಅದರದ್ದೇ ಬೇರೆ ಡಿಡಕ್ಟಿಬಲ್. ಹೊಕ್ಕುಳಬಳ್ಳಿ ಕತ್ತರಿಸುವುದು ಯಾಕೆಂದು ನನಗೆ ಆಗ ಅರ್ಥವಾಯಿತು. ಪುರಾಣದವರು ಪುಣ್ಯವಂತರು ಬಿಡಿ. ದೇವಕಿ ಹೆತ್ತ ರಾತ್ರಿಯೇ ಕೂಸನ್ನು ಬುಟ್ಟಿಯಲ್ಲಿಟ್ಟು ಹೊಳೆ ದಾಟಿಸಿದರಲ್ಲ, ಡಿಸ್ಚಾರ್ಜ್ ಕಾಗದ ಯಾರೂ ಕೇಳಲಿಲ್ಲ. ಗಾಂಧಾರಿ ಏನಾದರೂ ಟೆಕ್ಸಾಸಿನಲ್ಲಿ ಹೆತ್ತಿದ್ದರೆ ತುಪ್ಪದ ಗಡಿಗೆಗೊಂದರಂತೆ ನೂರೊಂದು ಖಾತೆ ತೆರೆದು, ಕುರುಕ್ಷೇತ್ರಕ್ಕೆ ಮುಂಚೆಯೇ ಹಸ್ತಿನಾವತಿ ದಿವಾಳಿಯಾಗುತ್ತಿತ್ತು.

ಲೆಕ್ಕವೇನೋ ಆಯಿತು, ಸಲಹೆಗಳು ಶುರುವಾದವು. ಡಾಲಸ್ಸಿನಲ್ಲಿರುವ ನನ್ನ ಕಾಲೇಜು ಗೆಳತಿ ವಿದ್ಯಾ ಕೇಳಿದ ಕೂಡಲೇ ತೀರ್ಪು ಕೊಟ್ಟಳು. “ಅಲ್ವೇ, ನಿಂಗೇನು ಹುಚ್ಚಾ? ಫ್ಲೈಟ್ ಹತ್ತಿ ಅಮ್ಮನ ಮನೆಗೆ ಹೋಗು. ಇಲ್ಲಿ ಅನೆಸ್ತೇಶಿಯಾಗೆ ಕೊಡೋ ದುಡ್ಡಲ್ಲಿ ಅಲ್ಲಿ ಹೆರಿಗೆ ಮುಗಿಸಿ ನಾಮಕರಣದ ಊಟಾನೂ ಹಾಕಿಸ್ಬಹುದು.” ಹ್ಯೂಸ್ಟನ್ನಿನಲ್ಲಿ ಪ್ರಸನ್ನನ ಸೋದರಮಾವನ ಗೆಳೆಯರೊಬ್ಬರಿದ್ದಾರೆ, ಧಾರವಾಡದವರು, ನಿವೃತ್ತ ಡಾಕ್ಟರು. ನಾವೆಲ್ಲ ಅವರನ್ನು ಡಾಕ್ಟರ್ ಅಂಕಲ್ ಎನ್ನುತ್ತೇವೆ. ಇಡೀ ಆಯುಷ್ಯ ಇಲ್ಲಿನ ಆಸ್ಪತ್ರೆಗಳಲ್ಲಿ ಕಳೆದ ಅವರೂ ಅದನ್ನೇ ಹೇಳಿದರು. “ನೋಡವಾ, ಔಷಧದ ಬಗ್ಗೆ ಕೇಳು, ಹೇಳ್ತೀನಿ. ಇಲ್ಲಿನ ಬಿಲ್ ಮಾತ್ರ ನನಗೂ ಇನ್ನೂ ತಿಳಿದಿಲ್ಲ. ಊರಿಗೆ ಹೋಗಿ ಆರಾಮ ಹಡಕೊಂಡು ಬಾ.”

ಅವರ ಮಾತಿನಲ್ಲಿ ಅರ್ಥವಿಲ್ಲ ಎಂದು ನಾನು ಹೇಳುವುದಿಲ್ಲ. ತವರುಮನೆ ಎನ್ನುವುದು ನಮ್ಮವರು ಕಂಡುಹಿಡಿದ ಇನ್ಶೂರೆನ್ಸ್ ತಾನೆ? ಚೊಚ್ಚಲ ಹೆರಿಗೆ ಪೂರ್ತಿ ಅವರದ್ದು. ಎರಡನೆಯದಕ್ಕೆ ಮುಖ ನೋಡಿ ಅರ್ಧ. ಮೂರನೆಯದಕ್ಕೆ ಅಣ್ಣನ ಹೆಂಡತಿ ಬಾಗಿಲಲ್ಲೇ ನಿಂತಿರುತ್ತಾಳೆ. ಎಣ್ಣೆನೀರು, ಮೆಣಸಿನ ಸಾರು, ಬೆಳ್ಳುಳ್ಳಿ, ಹೊಟ್ಟೆಗೆ ಕಟ್ಟುವ ಬಟ್ಟೆ, ಸಾಂಬ್ರಾಣಿ ಹೊಗೆ ಎಲ್ಲವೂ ಸೇರಿ. ಕಂತು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಅಪ್ಪ ಅಮ್ಮ ಮಗಳು ಹುಟ್ಟಿದ ದಿನದಿಂದ ಕಟ್ಟುತ್ತಿರುತ್ತಾರೆ, ಅಳಿಯನ ಮನೆಯವರು ಅದಕ್ಕೆ ರಸೀತಿ ಕೊಟ್ಟದ್ದನ್ನು ನಾನು ಕೇಳಿಲ್ಲ.

ಹಾಗಾದರೆ ಹೋಗಬಹುದಿತ್ತಲ್ಲ? ಹೋಗಬಹುದಿತ್ತು. ಆದರೆ ಪ್ರಸನ್ನ ಬರುವ ಹಾಗಿರಲಿಲ್ಲ. ಅವನ ಪಾಸ್‌ಪೋರ್ಟಿನಲ್ಲಿದ್ದ ವೀಸಾ ಮುದ್ರೆಯ ಅವಧಿ ಮುಗಿದಿತ್ತು. ಇಲ್ಲಿ ಇರುವವರೆಗೆ ಚಿಂತೆಯಿಲ್ಲ. ಒಮ್ಮೆ ಗಡಿ ದಾಟಿದರೆ ಮತ್ತೆ ಮುದ್ರೆ ಒತ್ತಿಸಿಕೊಂಡು ಬರುವುದು ಯಾವಾಗಲೋ, ಆ ಕಾಯುವಿಕೆಯಲ್ಲಿ ಕೆಲಸ ಉಳಿಯುವುದೋ ಇಲ್ಲವೋ. ಒಂದು ಭಾನುವಾರ ಅವನು ತನ್ನ ಎಕ್ಸೆಲ್ ನನ್ನ ಕಡೆ ತಿರುಗಿಸಿದ. ಮೈಸೂರಿನ ಖರ್ಚಿನ ಸಾಲು ಹಸಿರು, ಆಸ್ಟಿನ್ನಿನ ಸಾಲು ಕೆಂಪು. “ನೀನು ಹೋಗ್ಬಿಡು. ನಾನು ವಿಡಿಯೋ ಕಾಲಲ್ಲಿ ಇರ್ತೀನಿ” ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಪರದೆಯನ್ನೇ ನೋಡುತ್ತಿದ್ದ.

ನನಗೆ ಬಂದ ಸಿಟ್ಟು ನಿಮಗೆ ಹೇಗೆ ಹೇಳಲಿ? ಅವನ ಮೇಲಲ್ಲ. ಇಂಥ ಮಾತನ್ನು ಒಬ್ಬ ಒಳ್ಳೆಯ ಮನುಷ್ಯನ ಬಾಯಿಂದ ಹೊರಡಿಸಿದ ಆ ಹಸಿರು ಬಣ್ಣದ ಮೇಲೆ. “ವಿಡಿಯೋ ಕಾಲಲ್ಲಿ ಗೌರಿ ಹಬ್ಬ ನೋಡು, ನಿನ್ನ ತಮ್ಮನ ಮದುವೆ ನೋಡು. ಮಗು ಹುಟ್ಟೋದನ್ನ ಪಕ್ಕದಲ್ಲಿ ನಿಂತು ನೋಡ್ಬೇಕು. ಮೂರೂ ಜನ ಒಂದೇ ರೂಮಲ್ಲಿ ಇರ್ಬೇಕು. ನಾನು ಇಲ್ಲೇ ಹೆರೋದು” ಎಂದೆ. ಅವನು ಆ ಕಡತವನ್ನು ಮುಚ್ಚಿದ. ಮುಚ್ಚುವಾಗ ಅವನ ಕಣ್ಣು ತುಂಬಿತ್ತು. ಪಕ್ಕದ ಊರು ಲಿಯಾಂಡರಿನಲ್ಲಿ ಮನೆ ಕೊಳ್ಳುವ ಆಸೆಯನ್ನು ಮುಂದಕ್ಕೆ ಹಾಕಿದೆವು. ಹಳೆಯ ಕಾರಿಗೆ ಇನ್ನಷ್ಟು ದಿನ ಬಾಳು ಎಂದು ಬುದ್ಧಿ ಹೇಳಿದೆವು. ನಮ್ಮಿಬ್ಬರ ಅಜ್ಜಿಯರೂ ಒಪ್ಪದ ಲೆಕ್ಕ ಅದು, ನನಗೆ ಅದರ ಬಗ್ಗೆ ಒಂದು ದಿನವೂ ಪಶ್ಚಾತ್ತಾಪವಾಗಲಿಲ್ಲ.

ಅಮ್ಮ ಬಂದಳು, ಲೇಹ್ಯದ ಡಬ್ಬಿಯೊಂದಿಗೆ. ಮಗಳು ಹುಟ್ಟಿದಳು. ಹೆರಿಗೆಯ ವಿವರ ಬೇಡ, ಅದರಲ್ಲಿ ನಾನು ಯಾರನ್ನೆಲ್ಲ ಬೈದೆನೋ ನೆನಪಿಲ್ಲ. ನರ್ಸೊಬ್ಬಳಿಗೆ ಎರಡು ಕನ್ನಡ ಪದ ಬಾಯಿಪಾಠವಾದವು ಎಂದು ಪ್ರಸನ್ನ ಹೇಳುತ್ತಾನೆ. ನೆನಪಿರುವುದು ಆಮೇಲಿನದು. ಆಸ್ಪತ್ರೆಯ ಆ ಕೋಣೆ, ಕಿಟಕಿಯ ಪಕ್ಕದ ಸೋಫಾ. ಪ್ರಸನ್ನನ ಉದ್ದಕ್ಕೆ ಸಾಲದ ಸೋಫಾ ಅದು, ಕಾಲು ಹೊರಗೇ ಚಾಚಿರುತ್ತಿದ್ದವು. ಅವನ ಎದೆಯ ಮೇಲೆ ಮಗಳು. ಗಾಜಿನ ತೊಟ್ಟಿಲಿನಲ್ಲಿ ಮಲಗಿಸಿದರೆ ಅಳುತ್ತಿದ್ದಳು, ಎತ್ತಿದರೆ ಸುಮ್ಮನಾಗುತ್ತಿದ್ದಳು. ಹಾಗಾಗಿ ಇದ್ದಷ್ಟು ದಿನವೂ ಅವಳು ಅವನ ಎದೆಯ ಮೇಲೆ, ಇಲ್ಲವೇ ನನ್ನ ಎದೆಯ ಮೇಲೆ. ತೂಕ ನೋಡಿದ್ದು, ಕಿವಿ ಪರೀಕ್ಷೆ ಮಾಡಿದ್ದು ಎಲ್ಲವೂ ನಮ್ಮೆದುರಿಗೇ ನಡೆಯಿತು. ಆ ಕೋಣೆಯಿಂದ ಅವಳು ಒಮ್ಮೆಯೂ ಹೊರಗೆ ಹೋಗಲಿಲ್ಲ.

ಮನೆಗೆ ಬಂದು ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಅಮ್ಮ ದೇವರ ಗೂಡಿನ ಮುಂದೆ ಒಂದು ಲಕೋಟೆ ಇಟ್ಟು, ಅದರ ನಾಲ್ಕು ಮೂಲೆಗೂ ಅರಿಸಿನ ಕುಂಕುಮ ಹಚ್ಚುತ್ತಿದ್ದಳು. “ಮಗು ಹೆಸರಿಗೆ ಮೊದಲನೇ ಕಾಗದ ಬಂದಿದೆ ಕಣೇ! ಜನನ ಪತ್ರ ಇರ್ಬೇಕು. ಅವಳೆದುರಿಗೇ ಒಡಿ.” ಮಗುವಿನ ಎದುರಿಗೇ ಒಡೆದೆ. ಮಗುವಿನ ಹೆಸರಿಗೇ ಬಂದ ಬಿಲ್ಲು. ಮಂಗಳದ್ರವ್ಯ ಹಚ್ಚಿಸಿಕೊಂಡ ಆಸ್ಪತ್ರೆಯ ಬಿಲ್ಲು ಅಮೆರಿಕದಲ್ಲಿ ಅದೊಂದೇ ಇರಬೇಕು. ಅಮ್ಮನ ಮುಖ ಇಳಿಯಿತು. “ಅಯ್ಯೋ, ಕುಂಕುಮ ಹಚ್ಚಿದ ಮೇಲೆ ಕೊಡಲೇಬೇಕೇನೋ” ಎಂದಳು.

ಕೊಡುವುದಕ್ಕೆ ನಾವು ಸಿದ್ಧವಾಗಿಯೇ ಇದ್ದೆವು. ಡಾಕ್ಟರದ್ದು, ಪರೀಕ್ಷೆಗಳದ್ದು, ಲಸಿಕೆಯದ್ದು, ಒಂದೊಂದಕ್ಕೂ ತಲೆದೂಗಿದೆ. ಒಂದು ಸಾಲಿನಲ್ಲಿ ಕಣ್ಣು ನಿಂತಿತು. ನವಜಾತ ಶಿಶುಗಳ ವಿಭಾಗದಲ್ಲಿ ಕೋಣೆ ಮತ್ತು ಆರೈಕೆ. ನನ್ನ ಬಿಲ್ಲಿನಲ್ಲಿ ನನ್ನ ಕೋಣೆಯ ಬಾಡಿಗೆ ಆಗಲೇ ಬಂದಿತ್ತು, ಕಟ್ಟಿಯೂ ಆಗಿತ್ತು. ಇದು ಮಗಳದ್ದು, ಅದೇ ದಿನಗಳಿಗೆ, ಇನ್ನೊಂದು ಕೋಣೆ. ನನ್ನೊಳಗಿನ ಮಾರುಕಟ್ಟೆ ಎದ್ದು ಕೂತಿತು.

ಡಾಕ್ಟರ್ ಅಂಕಲ್ ಫೋನಿನಲ್ಲೇ ತಡೆದರು. “ಕೊಟ್ಟು ಕೈ ತೊಳಕೋವಾ. ಇವರ ಜೋಡಿ ಜಗಳಾಡಿದ್ರ ಬಿ.ಪಿ. ಏರತದ, ಬಿಲ್ ಇಳಿಯಂಗಿಲ್ಲ.” ಪ್ರಸನ್ನನೂ, ಹೋಗಲಿ ಬಿಡು, ಇದನ್ನೂ ಸೇರಿಸಿಯೇ ಲೆಕ್ಕ ಹಾಕಿದ್ದೆ ಎಂದ. ನಾನು ಬಿಡಲಿಲ್ಲ. ಬಿಲ್ಲಿಂಗಿನವರಿಗೆ ಫೋನ್ ಮಾಡಿದೆ. ಸಂಗೀತ ಕೇಳಿಸಿದರು. ಕೇಳಿದೆ. ಮಗುವಿಗೆ ಹಾಲು ಕುಡಿಸಿ, ತೇಗಿಸಿ, ಬಟ್ಟೆ ಬದಲಿಸಿದ್ದಾಯಿತು, ಅಷ್ಟು ಹೊತ್ತಿಗೆ ಒಬ್ಬಾಕೆ ಸಿಕ್ಕಿದಳು. ರೋಗಿಯ ಜೊತೆ ಮಾತಾಡಬಹುದೇ ಎಂದು ಕೇಳಿದಳು. ಫೋನ್ ಕೊಡುತ್ತೇನೆ, ಆದರೆ ಅವಳು ಈಗಷ್ಟೇ ಮಲಗಿದ್ದಾಳೆ ಎಂದೆ. ಆಮೇಲೆ ಆ ಬಿಲ್ಲಿಂಗಿನಾಕೆ ಸಮಾಧಾನವಾಗಿಯೇ ವಿವರಿಸಿದಳು, ಇದು ಎಲ್ಲ ಶಿಶುಗಳಿಗೂ ಹಾಕುವ ಸಾಮಾನ್ಯ ಶುಲ್ಕ, ಹೆಚ್ಚಿನವರು ಇದನ್ನು ಪ್ರಶ್ನಿಸುವುದಿಲ್ಲ ಎಂದು. ಪ್ರಶ್ನಿಸದವರ ಪರವಾಗಿಯೂ ನಾನೇ ಪ್ರಶ್ನಿಸುತ್ತಿದ್ದೇನೆ, ದಾಖಲೆ ತೆಗೆದು ನೋಡಿ ಎಂದೆ. ಮಗು ಆ ಕೋಣೆಯಲ್ಲಿ ಇರಲಿಲ್ಲವೆಂದರೆ ಇನ್ನೆಲ್ಲಿತ್ತು ಎಂದು ಕೇಳಿದಳು. ಅವಳು ವ್ಯಂಗ್ಯಕ್ಕೆ ಕೇಳಿದ್ದಲ್ಲ, ಅವಳ ಪರದೆಯ ಮೇಲೆ ಅದಕ್ಕೊಂದು ಖಾನೆ ಇತ್ತೆಂದು ಕಾಣುತ್ತದೆ.

ನಾನು ಹೇಳಿದೆ. ಮಗಳು ತನ್ನ ಅಪ್ಪನ ಎದೆಯ ಮೇಲಿದ್ದಳು, ಕಿಟಕಿಯ ಪಕ್ಕದ ಸೋಫಾದಲ್ಲಿ, ನನ್ನ ಕೈಗೆ ಎಟಕುವಷ್ಟು ಹತ್ತಿರ. ಮೂವರೂ ಒಂದೇ ಕೋಣೆಯಲ್ಲಿ ಇರಬೇಕೆಂದು ನಾವು ಊರಿನ ಹೆರಿಗೆ ಬಿಟ್ಟೆವು, ಕೊಳ್ಳಬೇಕಿದ್ದ ಮನೆ ಬಿಟ್ಟೆವು. ಆ ಕೋಣೆಗೆ ನೀವು ಹೇಳಿದಷ್ಟನ್ನೂ ಕೊಟ್ಟಿದ್ದೇನೆ, ಚೌಕಾಸಿ ಮಾಡಿಲ್ಲ. ಇನ್ನೊಂದು ಕೋಣೆಯ ಬಾಡಿಗೆ ಕೊಟ್ಟರೆ ನನ್ನ ಮಗಳು ನಮ್ಮ ಜೊತೆ ಇರಲಿಲ್ಲವೆಂದು ನಾನೇ ಸಹಿ ಹಾಕಿದ ಹಾಗೆ. ಅದನ್ನು ಹಾಕುವುದಿಲ್ಲ.

ಆ ಕಡೆ ಕೀಲಿಮಣೆಯ ಸದ್ದು ಕೇಳಿಸಿತು. ಪರಿಶೀಲನೆಗೆ ಕಳಿಸುತ್ತೇನೆ, ಸಮಯ ಹಿಡಿಯುತ್ತದೆ ಎಂದಳು. ಹಿಡಿಯಲಿ ಎಂದೆ. ನಾವು ಮೂವರೂ ಇಲ್ಲೇ ಇರುತ್ತೇವೆ.