ಒಂದೇ ಕಾಗದದ ಮೇಲೆ ಬೀಳದ ಎರಡು ಸಹಿ

ಡೊಂಬಿವಲಿ ಪೂರ್ವದಲ್ಲಿ ನಮ್ಮ ಸೊಸೈಟಿಯ ಹಿಂದೆ ಒಂದು ನಾಲಾ ಹರಿಯುತ್ತದೆ. ಕಾರ್ಖಾನೆಗಳ ಕಡೆಯಿಂದ ಬರುವ ಕೊಳಚೆ ನೀರು. ದಿನಕ್ಕೊಂದು ಬಣ್ಣ ಅದಕ್ಕೆ. ಆಚೆ ದಂಡೆಯಲ್ಲಿ ಕಲಬುರಗಿ, ವಿಜಯಪುರದ ಕಡೆಯಿಂದ ಬಂದ ಕೂಲಿ ಕುಟುಂಬಗಳ ಸಾಲುಮನೆಗಳಿವೆ. ಅವರು ಈಚೆಗೆ ದಾಟಲು ಇದ್ದದ್ದು ಎರಡು ಕಬ್ಬಿಣದ ಪಟ್ಟಿಗಳ ಮೇಲೆ ಹಾಸಿದ ಹಲಗೆ. ಅಲ್ಲಿ ಒಂದು ಕಾಲುಸೇತುವೆ ಆಗಲೆಂದು, ಸೊಸೈಟಿಯ ಸೆಕ್ರೆಟರಿಯಾಗಿದ್ದ ನಾನು ಎರಡು ವರ್ಷ ಓಡಾಡಿದೆ. ಆಗಲಿಲ್ಲ. ಯಾಕಾಗಲಿಲ್ಲ ಎಂಬುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾಲಾದ ಈಚೆಗೆ ಒಂದು ವಾರ್ಡು, ಆಚೆಗೆ ಇನ್ನೊಂದು. ಈಚೆಯ ನಗರಸೇವಕರು, ಅಂದರೆ ಕಾರ್ಪೊರೇಟರ್, ಅರವತ್ತು ದಾಟಿದವರು, ಎಲ್ಲರ ಬಾಯಲ್ಲೂ ದಾದಾ. ಆಚೆಯವನು ಅವರೇ ರಾಜಕೀಯಕ್ಕೆ ತಂದ ಶಿಷ್ಯ, ನಲವತ್ತರ ಆಸುಪಾಸಿನವನು. ಅವನನ್ನು ಭಾವು ಎನ್ನುತ್ತಿದ್ದರು. ದಾದಾನ ಹೆಂಡತಿಯ ಕೈಯ ಊಟ ಉಂಡೇ ಅವನು ದೊಡ್ಡವನಾದ. ಹಾಗೆಂದು ಜಗಳವಿರಲಿಲ್ಲ ಎಂದಲ್ಲ. ಒಮ್ಮೆ ಬೆಳಗಿನ ನೀರು ಯಾವ ವಾರ್ಡಿಗೆ ಮೊದಲು ಬಿಡಬೇಕೆಂದು ಇಬ್ಬರೂ ನಡುರಸ್ತೆಯಲ್ಲಿ ಕೂಗಾಡಿದ್ದರು. ಕೊನೆಗೆ ನಮ್ಮ ಮನೆಗೆ ಬಂದು ಕೂತರು. ನಾನು ಉಡುಪಿ ಕಡೆಯವಳು, ಯಾರ ಪೈಕಿಯೂ ಅಲ್ಲ ಎಂಬ ಕಾರಣಕ್ಕೆ. ವಾರದಲ್ಲಿ ಮೂರು ದಿನ ಅವರಿಗೆ, ಮೂರು ದಿನ ಇವರಿಗೆ, ಭಾನುವಾರ ಅರ್ಧರ್ಧ ಗಂಟೆ ಎಂದು ಒಂದೇ ತಾಸಿನಲ್ಲಿ ತೀರ್ಮಾನವಾಯಿತು. ಮರುದಿನ ಇಬ್ಬರೂ ತಂತಮ್ಮ ವಾರ್ಡಿನಲ್ಲಿ ತಾನೇ ಗೆದ್ದೆ ಎಂದು ಹೇಳಿಕೊಂಡರು. ಇನ್ನೊಬ್ಬ ಹಾಗೆ ಹೇಳುತ್ತಿದ್ದಾನೆಂದು ಇಬ್ಬರಿಗೂ ಗೊತ್ತಿತ್ತು; ಇಬ್ಬರೂ ಸುಮ್ಮನಿದ್ದರು.

ಆಮೇಲೆ ಅವರ ಪಕ್ಷ ಒಡೆಯಿತು. ದಾದಾ ಒಂದು ಬಣದಲ್ಲಿ ಉಳಿದರು, ಭಾವು ಇನ್ನೊಂದಕ್ಕೆ ಹೋದ. ದಾದಾ ವೇದಿಕೆಯ ಮೇಲೆ ಅವನನ್ನು ದ್ರೋಹಿ ಎಂದರು. ಮುದುಕನಿಗೆ ಅರಳುಮರಳು ಎಂದು ಅವನು ಮೈಕಿನಲ್ಲಿ ಹೇಳಿದ. ಅವರ ಕಾರ್ಯಕರ್ತರು ಪರಸ್ಪರರ ಫಲಕಗಳನ್ನು ಹರಿದರು, ಒಂದು ರಿಕ್ಷಾದ ಗಾಜು ಒಡೆದರು. ನಮ್ಮ ಕಟ್ಟಡದ ಲಿಫ್ಟಿನಲ್ಲೂ ಜನ ಮುಖ ತಿರುಗಿಸಿ ನಿಲ್ಲತೊಡಗಿದರು.

ಆ ಮಳೆಗಾಲದಲ್ಲೇ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಕಲಬುರಗಿಯ ಹೆಂಗಸು ಹಲಗೆಯಿಂದ ಜಾರಿ ಬಿದ್ದಳು. ಮೊಣಕಾಲಿನ ಚಿಪ್ಪು ಒಡೆಯಿತು. ನೋಡಲು ಹೋದಾಗ ಅವಳು ಗೋಡೆಗೊರಗಿ ಕೂತಿದ್ದಳು.

"ಅವ್ರು ಬೇಕಾದಂಗ ಹೊಡದಾಡ್ಕೊಳ್ಳಿ ಬಿಡ್ರಿ ಅಕ್ಕಾ," ಎಂದಳು. "ನಮಗ ದಾಟಾಕ ಒಂದು ದಾರಿ ಮಾಡ್ಕೊಡ್ರಿ ಅಂತ ಹೇಳ್ರಿ, ಸಾಕು."

ಅಷ್ಟರೊಳಗೆ ನನ್ನ ಓಡಾಟದಿಂದ ಪಾಲಿಕೆಯ ಎಂಜಿನಿಯರ್ ಸೇತುವೆಗೆ ಸಿದ್ಧರಾಗಿದ್ದರು. ಆದರೆ ಒಂದೇ ಪತ್ರದಲ್ಲಿ ಇಬ್ಬರ ಒಪ್ಪಿಗೆಯೂ ಬೇಕೆಂದರು. ಇಲ್ಲದಿದ್ದರೆ ಅರ್ಧದಲ್ಲಿ ಯಾರಾದರೊಬ್ಬರು ಬಂದು ಕೆಲಸ ನಿಲ್ಲಿಸುತ್ತಾರೆ ಎಂಬುದು ಅವರ ಭಯ. ನಾನು ಪತ್ರ ಬರೆದುಕೊಂಡು ದಾದಾನ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಸೇತುವೆ ಬೇಕೇ ಬೇಕು, ವಹಿನಿ," ಎಂದರು ಮರಾಠಿಯಲ್ಲಿ. ಅತ್ತಿಗೆ ಎನ್ನುವಂತೆ ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. "ಆದರೆ ಅವನ ಸಹಿ ಇರುವ ಕಾಗದದ ಮೇಲೆ ನನ್ನ ಸಹಿ ಬೀಳುವುದಿಲ್ಲ. ನನ್ನ ಹೆಂಡತಿಯ ಸಾವಿಗೂ ಬಾರದವನು ಅವನು."

ಅದು ಸುಳ್ಳೆಂದು ನನಗೆ ಗೊತ್ತಿತ್ತು. ಹಿಂದಿನ ತಿಂಗಳು ಅವರ ಹೆಂಡತಿ ತೀರಿಕೊಂಡ ದಿನ ನಾನು ಅಂಗಳದಲ್ಲೇ ಇದ್ದೆ. ಭಾವು ಒಬ್ಬನೇ ಬಂದಿದ್ದ. ಚಪ್ಪಲಿ ಕಳಚಿ, ಹೂವಿನ ಹಾರ ಹಿಡಿದು ಗೇಟಿನ ಹೊರಗೆ ನಿಂತಿದ್ದ. ದಾದಾನ ಜನ ಅವನ ಎದೆಗೆ ಕೈಹಾಕಿ ಹಿಂದಕ್ಕೆ ದೂಡಿದರು. ಹಾರ ನೆಲಕ್ಕೆ ಬಿತ್ತು. ಅವನು ಕಣ್ಣೊರೆಸಿಕೊಳ್ಳುತ್ತಾ ಹೋದ.

"ಅವನು ಬಂದಿದ್ದ ದಾದಾ, ನಾನೇ ಕಣ್ಣಾರೆ ನೋಡಿದೆ. ನಿಮ್ಮವರೇ ಒಳಗೆ ಬಿಡಲಿಲ್ಲ," ಎಂದೆ.

ಅವರು ಕನ್ನಡಕ ತೆಗೆದಿಟ್ಟರು. "ಗೊತ್ತು. ಬಿಡಬೇಡಿ ಅಂದವನು ನಾನೇ," ಎಂದರು. "ಅವನನ್ನು ಅಪ್ಪಿಕೊಂಡು ಅತ್ತಿದ್ದರೆ ಮಾರನೇ ದಿನ ನನ್ನ ಹುಡುಗರೇ ನನ್ನ ಜೊತೆ ಇರುತ್ತಿರಲಿಲ್ಲ. ದಾದಾನೂ ಮಾರಿಕೊಂಡ ಅನ್ನುತ್ತಿದ್ದರು."

ಕರುಣೆ ಬರಬೇಕಿತ್ತೇನೋ. ನನಗೆ ಬಂದದ್ದು ಹೇಸಿಗೆ. ಒಬ್ಬರಿಗೊಬ್ಬರು ಹಲ್ಲು ಕಡಿಯುವುದನ್ನು ತಮ್ಮ ಜನರಿಗೆ ಇವರೇ ಕಲಿಸಿದ್ದರು. ಈಗ ಆ ಜನರ ಮುಂದೆ ಹಲ್ಲು ಕಡಿಯದೆ ಬದುಕುವುದು ಇವರಿಗೇ ಸಾಧ್ಯವಿರಲಿಲ್ಲ.

ಭಾವುವಿನ ಆಫೀಸಿಗೂ ಹೋದೆ. ಅವನು ಪತ್ರ ಓದಲೂ ಇಲ್ಲ.

"ಆಯಿಯ ಮುಖ ಕೊನೆಯ ಸಲ ನೋಡಲು ಬಿಡಲಿಲ್ಲ ಅವರು," ಎಂದ. ದಾದಾನ ಹೆಂಡತಿಯನ್ನು ಅವನು ಆಯಿ, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದ. "ಆ ಮನುಷ್ಯ ಕೇಳುವ ಯಾವುದೂ ಆಗಬಾರದು. ಒಳ್ಳೆಯದಾದರೂ ಆಗಬಾರದು."

"ಬಿದ್ದವಳು ನಿನ್ನ ವಾರ್ಡಿನವಳು ಭಾವು."

"ಗೊತ್ತು ವಹಿನಿ."

ನಾನು ಬಿಡಲಿಲ್ಲ. ಒಂದೇ ಒಕ್ಕಣೆಯ ಎರಡು ಪತ್ರ ಮಾಡಿ, ಒಂದಕ್ಕೆ ದಾದಾನ ಸಹಿ ಮಾಡಿಸಿದೆ; ಕೇಳುತ್ತಿರುವವಳು ನಾನು, ದಾದಾ ಅಲ್ಲ ಎಂದು ಹೇಳಿ ಇನ್ನೊಂದಕ್ಕೆ ಭಾವುವಿನ ಸಹಿ ಮಾಡಿಸಿದೆ. ಇನ್ನೊಬ್ಬನ ಹೆಸರನ್ನು ನೋಡುವ ಕಷ್ಟ ಯಾರಿಗೂ ಇಲ್ಲ. ಎಂಜಿನಿಯರ್ ನಕ್ಕು ಒಪ್ಪಿಕೊಂಡರು. ಮೂರು ವಾರದಲ್ಲಿ ಗುಂಡಿ ತೋಡಲು ಯಂತ್ರ ಬಂತು.

ಕೆಲಸ ಶುರುವಾದ ಬೆಳಿಗ್ಗೆ ದಾದಾನ ಕಡೆಯವರು ಈಚೆ ದಂಡೆಯಲ್ಲಿ ಒಂದು ಫಲಕ ನೆಟ್ಟರು: ದಾದಾನ ಪ್ರಯತ್ನದಿಂದ ಈ ಸೇತುವೆ. ಅರ್ಧ ಗಂಟೆಯಲ್ಲಿ ಭಾವುವಿನವರು ಆಚೆ ದಂಡೆಯಲ್ಲಿ ಇನ್ನೂ ದೊಡ್ಡದನ್ನು ನೆಟ್ಟರು. ಬೈಗುಳಗಳು ನಾಲಾ ದಾಟಿ ಹೋದವು, ಹಿಂದೆಯೇ ಕಲ್ಲುಗಳು. ಯಂತ್ರದ ಚಾಲಕ ಕೀಲಿ ತೆಗೆದುಕೊಂಡು ಓಡಿದ. ಹಲಗೆಯ ನಡುವೆ ನಿಂತು ಕೈಮುಗಿದ ನನಗೆ ಯಾರೋ, "ನೀವು ಹೊರಗಿನವರು, ಇಲ್ಲಿ ನಿಮಗೇನು ಕೆಲಸ?" ಎಂದರು. ಯಾವ ಕಡೆಯವನೆಂದು ನೋಡಲು ತಿರುಗಿದೆ. ಎರಡೂ ಕಡೆಯವರು ಹೌದೆಂದು ತಲೆ ಆಡಿಸುತ್ತಿದ್ದರು. ಮೂವತ್ತು ವರ್ಷದಿಂದ ನಾನು ಈ ಊರಿನಲ್ಲಿದ್ದೇನೆ.

ಸಂಜೆಯೊಳಗೆ ಇಬ್ಬರೂ ಒಪ್ಪಿಗೆ ವಾಪಸು ಪಡೆದರು. ಅದರಲ್ಲಿ ಮಾತ್ರ ತಡವಾಗಲಿಲ್ಲ. ಮರುವಾರ ನಾನು ಸೆಕ್ರೆಟರಿ ಕೆಲಸ ಬಿಟ್ಟೆ.

ಮೊನ್ನೆ ಚುನಾವಣೆಗೆ ಭಾವು ಪ್ರಚಾರಕ್ಕೆ ಬಂದ. ಈ ಸಲ ಅವನು ನಮ್ಮ ವಾರ್ಡಿಗೇ ನಿಂತಿದ್ದ, ದಾದಾನ ಎದುರು. ಜಾಲರಿ ಬಾಗಿಲಿನ ಆಚೆ ಕೈಮುಗಿದು ನಿಂತು, "ವಹಿನಿ, ನಮಸ್ಕಾರ," ಎಂದ. ನಾನು ಚಿಲಕ ತೆಗೆಯಲಿಲ್ಲ.

"ನಿನ್ನ ಮುಖ ನೋಡಲು ನನಗೆ ಇಷ್ಟವಿಲ್ಲ," ಎಂದೆ. "ದಾದಾ ಬಂದಾಗಲೂ ಇದನ್ನೇ ಹೇಳಿದೆ."

ನಾನು ಮರದ ಬಾಗಿಲನ್ನೂ ಹಾಕಿಕೊಂಡೆ. ಇಲ್ಲೇ ಹುಟ್ಟಿ ಬೆಳೆದ ಮಗಳು ಒಳಗಿನಿಂದ, "ಅಮ್ಮಾ, ಜಾವೂ ದೇ ನಾ, ಹೋಗಲಿ ಬಿಡು," ಎಂದಳು. ಹೋಗಲಿ ಎಂದು ಬಿಡಲು ನನ್ನಿಂದ ಆಗಲಿಲ್ಲ. ನಾಚಿಕೆಯೂ ಆಗಲಿಲ್ಲ.

ಕಲಬುರಗಿಯ ಹೆಂಗಸು ಈಗ ಹಲಗೆ ದಾಟಲಾಗದೆ ಸ್ಟೇಷನ್ ಕಡೆಯಿಂದ ಸುತ್ತಿ, ಕುಂಟುತ್ತಾ ಬರುತ್ತಾಳೆ. ಕೆಲಸಕ್ಕೆ ಹೋಗುತ್ತಿದ್ದ ನಾಲ್ಕು ಮನೆಗಳಲ್ಲಿ ಎರಡನ್ನು ಬಿಟ್ಟಿದ್ದಾಳೆ.