ಕಡಲು ಹ್ಯಾಂಗದ ಎಂದು ಕೇಳಿದವಳು

"ಅಕ್ಕಾ, ಇವತ್ತು ಕಡಲು ಹ್ಯಾಂಗದ ರೀ?"

ಪಕ್ಕದ ಓಣಿಯ ಶಾಂತಮ್ಮ ಬಾಗಿಲಲ್ಲಿ ನಿಂತು ಕೇಳಿದಾಗ ನಾನು ಗಂಡನ ಮೊಬೈಲಿನಲ್ಲಿದ್ದ ದೋಣಿಯವರ ಗ್ರೂಪನ್ನು ಅಳಿಸಲು ಹೊರಟಿದ್ದೆ. ಮಲ್ಪೆಯಲ್ಲಿ ಮೀನಿನ ದೋಣಿಯ ಕೆಲಸಕ್ಕೆ ಹೋಗಿದ್ದ ಅವರು ಅಲೆಗೆ ಸಿಕ್ಕು ತೀರಿಕೊಂಡು ಮೂರು ತಿಂಗಳಾಗಿತ್ತು. ಗಾಳಿ, ಅಲೆ, ಉಬ್ಬರದ ಹೊತ್ತು ತಿಳಿಸುವ ಸಂದೇಶ ಮಾತ್ರ ಕಡಲಿನಿಂದ ಬಹುದೂರದ ದೋರನಹಳ್ಳಿಯ ನಮ್ಮ ಮನೆಗೆ ದಿನವೂ ಬರುತ್ತಿತ್ತು.

"ನಿನಗ್ಯಾಕ ಕಡಲಿನ ಚಿಂತಿ?" ಎಂದೆ.

"ನಮ್ಮ ಮನಿಯವ್ರೂ ನಿನ್ನಿ ಅಲ್ಲಿಗೇ ಹೋಗ್ಯಾರ್ರಿ. ಬ್ಯಾಡಂದ್ರ ಕೇಳಲಿಲ್ಲ. ನಿಮ್ಮ ಮೊಬೈಲಿಗೆ ಕಡಲಿನ ಸುದ್ದಿ ಬರ್ತದಂತ, ನನಗ ಓದಾಕ ಬರಂಗಿಲ್ರಿ."

ಅಳಿಸದೆ ಓದಿ ಹೇಳಿದೆ: "ಇಂದು ಅಲೆ ಕಡಿಮೆ, ದೋಣಿ ಇಳಿಸಬಹುದು." ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು.

ಈಗ ದಿನಾ ಬೆಳಿಗ್ಗೆ ಬರುತ್ತಾಳೆ, ಓದುತ್ತೇನೆ. ನನ್ನವರು ತೀರಿಕೊಂಡ ದಿನವೂ ಅಲೆ ಕಡಿಮೆ ಎಂದೇ ಬಂದಿತ್ತು. ಅದನ್ನು ಮಾತ್ರ ಆಕೆಗೆ ಹೇಳಿಲ್ಲ.