ಮಾದಪ್ಪನ ಒಕ್ಕಲಿಗೆ ಒಂದು ಬಾಡಿಗೆ ಮನೆ

ಜನ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಗುಂಡ್ಲುಪೇಟೆಗೆ ಕೆಲಸಕ್ಕೆ ಬರುತ್ತಾರೆ, ಸಂಜೆ ನೇತಾಡಿಕೊಂಡೇ ಹಳ್ಳಿಗೆ ಹೋಗುತ್ತಾರೆ. ಪೇಟೆಯಲ್ಲಿ ಖಾಲಿ ಮನೆಗಳಿದ್ದರೂ ಇವರು ಬಂದು ನೆಲೆಸುವುದಿಲ್ಲ ಯಾಕೆ? ವಸತಿ ನೀತಿಯ ಸಂಶೋಧಕನಾಗಿ ಅದನ್ನು ವಿಚಾರಿಸುವುದೇ ನನ್ನ ಕೆಲಸ. ನಮ್ಮ ಪ್ರೊಫೆಸರಿಗೆ ಉತ್ತರ ಮೊದಲೇ ಗೊತ್ತು: ಹಳ್ಳಿಯವರಿಗೆ ಮಣ್ಣಿನ ವ್ಯಾಮೋಹ. ಎ.ಸಿ. ಕೋಣೆಯಲ್ಲಿ ಕೂತು ಮಣ್ಣಿನ ಮಾತಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಅದೇ ಹೊತ್ತಿಗೆ ನನಗೇ ಚಾಮರಾಜನಗರದಲ್ಲಿ ಬಾಡಿಗೆ ಮನೆ ಬೇಕಾಯಿತು. ಅವ್ವನಿಗೆ ಅಲ್ಲಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಊರಿಂದ ಸಂತೆಮರಹಳ್ಳಿಗೆ ಆಟೋ, ಅಲ್ಲಿಂದ ಬಸ್ಸು. ವಾಪಸ್ ಬರುವಾಗ ಅವಳಿಗೆ ನಿಲ್ಲುವ ತ್ರಾಣವೂ ಇರುತ್ತಿರಲಿಲ್ಲ. ಆಸ್ಪತ್ರೆಯ ಹತ್ತಿರವೇ ಒಂದು ಮನೆ, ಬಾಡಿಗೆಗಿದೆ ಎಂಬ ಬೋರ್ಡು ಬಿಸಿಲಿಗೆ ಮಾಸುವಷ್ಟು ಕಾಲದಿಂದ ಖಾಲಿ ಬಿದ್ದಿತ್ತು.

ಮಾಲೀಕರು ನಿವೃತ್ತ ಮೇಷ್ಟ್ರು. ಜಾತಿ ಎಂಬ ಪದ ಅವರ ಬಾಯಲ್ಲಿ ಬರುವುದಿಲ್ಲ, ಅಷ್ಟು ಸಭ್ಯರು. "ಮನೆದೇವ್ರು ಯಾವ್ದಪ್ಪಾ?" ಎಂದರು.

ಮಾದಪ್ಪ ಎಂದೆ. ನಿಜವನ್ನೇ ಹೇಳಿದ್ದು. ಮಾದಪ್ಪನ ಬೆಟ್ಟಕ್ಕೆ ನಡೆದುಹೋಗದ ಜಾತಿ ಈ ಜಿಲ್ಲೆಯಲ್ಲಿ ಯಾವುದಿದೆ? ಆದರೆ ಈ ಮಹಾಶಯರಿಗೆ ಮಾದಪ್ಪ ತಮ್ಮವರ ಸ್ವಂತ ಆಸ್ತಿ. ನಮ್ಮವರೇ ಅನ್ನಿ ಎಂದು ಕಾಫಿ ಕೊಟ್ಟರು, ಬೀಗದ ಕೈ ಕೊಟ್ಟರು, ಹಾಲು ಉಕ್ಕಿಸಲು ಒಳ್ಳೆಯ ದಿನವನ್ನೂ ತಾವೇ ನೋಡಿದರು.

ವಾರ ಕಳೆಯುವುದರೊಳಗೆ ನಮ್ಮ ಕೇರಿಯ ನೆಂಟರು ಅವ್ವನನ್ನು ನೋಡಲು ಬಂದರು. ಮೇಷ್ಟ್ರು ಗೇಟಿನಲ್ಲೇ ನಿಲ್ಲಿಸಿಕೊಂಡು ಅವರ ಊರು, ಕೇರಿ ಎಲ್ಲ ವಿಚಾರಿಸಿದರು. ಅವತ್ತೇ ಸಂಜೆ ನನ್ನನ್ನು ಕರೆದು, ಮಗಳು ಬರುತ್ತಿದ್ದಾಳೆ, ಮನೆ ಬಿಟ್ಟುಕೊಡಿ ಎಂದರು. ಅವರಿಗೆ ಮಗಳೇ ಇಲ್ಲ ಎನ್ನುವುದು ಬೀದಿಗೆಲ್ಲ ಗೊತ್ತು. ಒಂದು ಸುಳ್ಳನ್ನೂ ನೆಟ್ಟಗೆ ಹೇಳಲು ಬಾರದ ಮನುಷ್ಯ ಅದೇನು ಪಾಠ ಹೇಳಿದನೋ. ಯಾವ ಮಗಳು ಮೇಷ್ಟ್ರೇ ಎಂದೆ. ಅವರಿಗೇ ತಡೆಯಲಾಗಲಿಲ್ಲ.

"ಮಾದಪ್ಪ ಅಂದ್ಬುಟ್ರಲ್ಲ ನೀವು," ಎಂದರು, ತಾವೇ ಮೋಸಹೋದವರಂತೆ.

ಸಾಮಾನು ಕಟ್ಟುವಾಗ ಅವ್ವ ಗೋಡೆಯಿಂದ ದೇವರ ಪಟ ಇಳಿಸಿ ತನ್ನ ಹಳೆಯ ಸೀರೆಯಲ್ಲಿ ಸುತ್ತಿದಳು. "ಮಾದಪ್ಪನ್ನೂ ಎಬ್ಬುಸ್ಬುಟ್ರಲ್ಲ ಕಣಪ್ಪ," ಎಂದಳು. ನಾನು ಗಂಟುಮೂಟೆಗೆ ಹಗ್ಗ ಬಿಗಿದೆ.

ಮುಂದಿನ ಸಲ ಆಸ್ಪತ್ರೆಯಿಂದ ಬರುವಾಗ ಸಂತೆಮರಹಳ್ಳಿಯಲ್ಲಿ ಆಟೋ ಸಿಗಲಿಲ್ಲ. ಅವ್ವ ನಿಲ್ಲಲಾರದೆ ರಸ್ತೆ ಬದಿಯ ಮಣ್ಣಿನಲ್ಲೇ ಕೂತುಬಿಟ್ಟಳು. ಆಗಲೇ ಪ್ರೊಫೆಸರ್ ಫೋನ್ ಮಾಡಿ, ಮಣ್ಣಿನ ವ್ಯಾಮೋಹದ ಅಧ್ಯಾಯ ಬರೆದಾಯಿತಾ ಎಂದು ಕೇಳಿದರು.